ಪೋಷಕ ಹೂಡಿಕೆ ಸಿದ್ಧಾಂತ ಎಲ್ಲಿಂದ ಬಂತು? ಪದೇ ಪದೇ ಕೇಳುವ ಪ್ರಶ್ನೆಗಳು

ವಿದ್ಯಾರ್ಥಿಗಳು, ಮೇಷ್ಟ್ರುಗಳು, ವಿಜ್ಞಾನದ ಬಗ್ಗೆ ಕುತೂಹಲ ಇರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇವೆ. ಹೊಸಬರು ಮೇಲಿನಿಂದ ಓದಿಕೊಂಡು ಬನ್ನಿ. ವಿಷಯ ಗೊತ್ತಿದ್ದವರು ನೇರವಾಗಿ ಕೊನೆಯ ಭಾಗಕ್ಕೆ ಹೋಗಬಹುದು.

## ಮೊದಲ ಪಾಠ

ಪೋಷಕ ಹೂಡಿಕೆ ಅಂದ್ರೆ ಸರಳವಾಗಿ ಏನು?

ಒಂದು ಮರಿ ಬದುಕಿ, ಬೆಳೆದು, ಮುಂದೆ ತಾನೂ ಸಂತಾನ ಪಡೆಯುವ ಸಾಧ್ಯತೆಯನ್ನು ಹೆಚ್ಚಿಸಲು ತಾಯಿಯೋ ತಂದೆಯೋ ಮಾಡುವ ಕೆಲಸ ಇದು. ಜೊತೆಗೆ ಒಂದು ಷರತ್ತಿದೆ: ಆ ಕೆಲಸದಿಂದಾಗಿ ಬೇರೆ ಮರಿಗಳ ಮೇಲೆ ಹೂಡುವ ಸಾಮರ್ಥ್ಯ ಅಷ್ಟರಮಟ್ಟಿಗೆ ಕುಗ್ಗಬೇಕು. ಈ ವ್ಯಾಖ್ಯಾನ ಕೊಟ್ಟವರು ಅಮೆರಿಕದ ರಾಬರ್ಟ್ ಟ್ರಿವರ್ಸ್, 1972ರಲ್ಲಿ. ಇಂಗ್ಲಿಷಿನಲ್ಲಿ ಇದನ್ನು ಪೇರೆಂಟಲ್ ಇನ್ವೆಸ್ಟ್‌ಮೆಂಟ್ ಅನ್ನುತ್ತಾರೆ.

ಜನ ಮರೆಯುವುದು ಎರಡನೆಯ ಷರತ್ತನ್ನು. ಮಕ್ಕಳ ಮೇಲಿನ ಪ್ರೀತಿ, ಕಾಳಜಿ ಎಲ್ಲವನ್ನೂ ಹೂಡಿಕೆ ಅಂತ ಕರೆದುಬಿಡುತ್ತಾರೆ. ಗೂಡಿನಲ್ಲಿ ನಾಲ್ಕು ಮರಿ ಇದ್ದರೂ ಐದು ಮರಿ ಇದ್ದರೂ ಕಾವಲು ಕಾಯುವ ಶ್ರಮ ಹೆಚ್ಚುಕಡಿಮೆ ಒಂದೇ. ಹಾಗಾಗಿ ಐದನೆಯ ಮರಿಗೆ ಸಿಕ್ಕ ಕಾವಲಿನಿಂದ ಉಳಿದ ನಾಲ್ಕಕ್ಕೆ ಏನೂ ಕಡಿಮೆಯಾಗುವುದಿಲ್ಲ. ಅದೇ ಒಂದು ಮರಿಯ ಬಾಯಿಗೆ ಹಾಕಿದ ಹುಳು ಇನ್ನೊಂದರ ಬಾಯಿಗೆ ಹೋಗುವುದಿಲ್ಲ, ಅಲ್ಲಿ ಷರತ್ತು ಪೂರ್ತಿ ಅನ್ವಯಿಸುತ್ತದೆ.

ಅಂದ್ರೆ ಎಷ್ಟು ಕ್ಯಾಲರಿ ಖರ್ಚಾಯ್ತು ಅನ್ನೋ ಲೆಕ್ಕಾನಾ?

ಅಲ್ಲ. ಕ್ಯಾಲರಿ ಖರ್ಚಿನ ಅಳತೆ, ಹೂಡಿಕೆಯ ಅಳತೆ ಅಲ್ಲ. ಹಾಲೂಡಿಸುವ ತಾಯಿಗೆ ಮೊದಲ 6 ತಿಂಗಳು ದಿನಕ್ಕೆ 600 ಕಿಲೋಕ್ಯಾಲರಿ, ಮುಂದಿನ 6 ತಿಂಗಳು 520 ಕಿಲೋಕ್ಯಾಲರಿ ಹೆಚ್ಚಿಗೆ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು ಹೇಳುತ್ತದೆ. ಹೊಟ್ಟೆತುಂಬ ಉಣ್ಣಲು ಇರುವ ಮನೆಯಲ್ಲಿ ಈ 600 ದೊಡ್ಡ ಹೊರೆಯಲ್ಲ. ರಕ್ತಹೀನತೆ ಇರುವ, ಒಂದು ಹೆರಿಗೆಯಿಂದ ಚೇತರಿಸಿಕೊಳ್ಳುವ ಮುಂಚೆಯೇ ಮತ್ತೆ ಬಸುರಾದ ಹೆಂಗಸಿಗೆ ಅದೇ 600 ಮುಂದಿನ ಮಗುವನ್ನೇ ಕಸಿಯಬಹುದು. ಟ್ರಿವರ್ಸ್ ಲೆಕ್ಕ ಇಡುವುದು ಈ ಮುಂದಿನ ಮಗುವಿನ ನಷ್ಟದಲ್ಲಿ. ಅದನ್ನು ನೇರವಾಗಿ ಅಳೆಯುವುದು ಕಷ್ಟ, ಆದ್ದರಿಂದ ಸಂಶೋಧಕರು ತೂಕ, ಸಮಯ, ಕ್ಯಾಲರಿಗಳನ್ನು ಬದಲಿ ಅಳತೆಯಾಗಿ ಬಳಸುತ್ತಾರೆ. ಬದಲಿ ಅಳತೆಯನ್ನೇ ಅಸಲು ಅಂದುಕೊಂಡರೆ ಲೆಕ್ಕ ಕೆಡುತ್ತದೆ.

ನವಿಲು ಗರಿ ಬಿಚ್ಚಿ ಕುಣಿಯೋದು, ಜಿಂಕೆ ಕಾದಾಡೋದು ಹೂಡಿಕೆ ಅಲ್ವಾ? ಅದಕ್ಕೂ ಶಕ್ತಿ ಬೇಕಲ್ಲ?

ಶಕ್ತಿ ಬೇಕು, ಪ್ರಾಣವೇ ಹೋಗಬಹುದು. ಆದರೂ ಅದು ಜೋಡಿ ಹುಡುಕಲು ಹಾಕಿದ ಶ್ರಮ. ಅದರಿಂದ ಹುಟ್ಟಿದ ಮರಿಗೇನೂ ಸಿಗುವುದಿಲ್ಲ. ಟ್ರಿವರ್ಸ್ ಈ ಎರಡನ್ನೂ ಬೇಕೆಂದೇ ಬೇರೆ ಇಟ್ಟರು.

## ಹುಟ್ಟಿನ ದಾರಿ

ಇದನ್ನೆಲ್ಲ ಡಾರ್ವಿನ್ ಅವರೇ ಹೇಳಿದ್ರಲ್ವಾ?

ಅರ್ಧ ಹೇಳಿದ್ದರು. 1871ರಲ್ಲಿ ಬಂದ ಮಾನವನ ಉಗಮದ ಕುರಿತ ಪುಸ್ತಕದಲ್ಲಿ ಡಾರ್ವಿನ್ ಲೈಂಗಿಕ ಆಯ್ಕೆಯನ್ನು ವಿಸ್ತಾರವಾಗಿ ಬರೆದರು: ಗಂಡುಗಳು ತಮ್ಮತಮ್ಮಲ್ಲೇ ಪೈಪೋಟಿಗೆ ಬೀಳುತ್ತವೆ, ಹೆಣ್ಣು ಆರಿಸುತ್ತದೆ. ಪ್ರಾಣಿಲೋಕದ ಉದ್ದಗಲಕ್ಕೂ ಉದಾಹರಣೆ ಕೊಟ್ಟರು. ಆದರೆ ಬಹುಪಾಲು ಜೀವಿಗಳಲ್ಲಿ ಗಂಡೇ ಯಾಕೆ ಆತುರಪಡಬೇಕು, ಹೆಣ್ಣೇ ಯಾಕೆ ಆರಿಸಬೇಕು ಎಂಬ ಪ್ರಶ್ನೆಗೆ ಅವರಲ್ಲಿ ಗಟ್ಟಿ ಉತ್ತರವಿರಲಿಲ್ಲ. ಹೆಣ್ಣಿನ ಆಯ್ಕೆ ಎಂಬ ಮಾತನ್ನೇ ಅವರ ಕಾಲದ ಅನೇಕರು ಒಪ್ಪಲಿಲ್ಲ. ನಿಸರ್ಗದ ಆಯ್ಕೆಯ ಸಹಶೋಧಕರಾದ ವಾಲೇಸ್ ಕೂಡ ಒಪ್ಪಲಿಲ್ಲ. ಆಮೇಲೆ ಹಲವು ದಶಕ ಈ ವಿಷಯ ಮೂಲೆಗೆ ಬಿತ್ತು.

ಬೇಟ್‌ಮನ್ ನೊಣಗಳ ಪ್ರಯೋಗ ಅಂತಾರಲ್ಲ, ನಿಜವಾಗಿ ಏನ್ ಮಾಡಿದ್ರು?

ಇದನ್ನು ನಿಧಾನವಾಗಿ ನೋಡಬೇಕು, ಮುಂದಿನ ಅರ್ಧ ಜಗಳ ಇದರ ಮೇಲೇ ನಿಂತಿದೆ.

ಆಂಗಸ್ ಜಾನ್ ಬೇಟ್‌ಮನ್ ಇಂಗ್ಲೆಂಡಿನ ಜಾನ್ ಇನ್ನೆಸ್ ತೋಟಗಾರಿಕೆ ಸಂಸ್ಥೆಯಲ್ಲಿದ್ದ ತಳಿವಿಜ್ಞಾನಿ. 1948ರಲ್ಲಿ ಪ್ರಕಟಿಸಿದ ಪ್ರಬಂಧಕ್ಕಾಗಿ ಅವರು ಹಣ್ಣುನೊಣಗಳನ್ನು ಸಣ್ಣ ಸಣ್ಣ ಗುಂಪುಗಳಲ್ಲಿ ಇಟ್ಟರು. ಒಂದು ಗುಂಪಿನಲ್ಲಿ 3ರಿಂದ 5 ಗಂಡು, ಅಷ್ಟೇ ಹೆಣ್ಣು. ಮೂರು ನಾಲ್ಕು ದಿನ ಕೂಡಲು ಬಿಟ್ಟು, ಹುಟ್ಟಿದ ಮರಿಗಳನ್ನು ಎಣಿಸಿದರು.

ಯಾವ ಮರಿ ಯಾರದು ಎಂದು ತಿಳಿಯಲು ಆಗ ಡಿಎನ್‌ಎ ಪರೀಕ್ಷೆ ಇರಲಿಲ್ಲ. ಹಾಗಾಗಿ ಪ್ರತಿ ನೊಣಕ್ಕೂ ಕಣ್ಣಿಗೆ ಕಾಣುವ ಒಂದೊಂದು ಬೇರೆ ಪ್ರಬಲ ಗುರುತು ಇರುವಂತೆ ಆರಿಸಿದರು: ಒಂದಕ್ಕೆ ಸುರುಳಿ ರೆಕ್ಕೆ, ಇನ್ನೊಂದಕ್ಕೆ ಬೇರೆ ಥರದ ರೋಮ, ಹೀಗೆ. ಪ್ರತಿ ನೊಣದಲ್ಲೂ ಆ ಜೀನಿನ ಒಂದೇ ಪ್ರತಿ ಇರುತ್ತದೆ. ಆದ್ದರಿಂದ ಒಂದು ಜೋಡಿಯ ಮರಿಗಳಲ್ಲಿ ಕಾಲು ಭಾಗಕ್ಕೆ ಅಪ್ಪ ಅಮ್ಮ ಇಬ್ಬರ ಗುರುತೂ ಬರಬೇಕು, ಕಾಲು ಭಾಗಕ್ಕೆ ಅಪ್ಪನದು ಮಾತ್ರ, ಕಾಲು ಭಾಗಕ್ಕೆ ಅಮ್ಮನದು ಮಾತ್ರ, ಉಳಿದ ಕಾಲು ಭಾಗಕ್ಕೆ ಯಾವುದೂ ಇಲ್ಲ. ಎರಡೂ ಗುರುತು ಇರುವ ಮರಿಯಿಂದ ಮಾತ್ರ ಯಾರು ಯಾರನ್ನು ಕೂಡಿದರು ಎಂಬುದು ಖಚಿತವಾಗಿ ಗೊತ್ತಾಗುತ್ತದೆ.

ಫಲಿತಾಂಶ: ಗಂಡುಗಳಲ್ಲಿ ಶೇ. 21ರಷ್ಟಕ್ಕೆ ಒಂದೂ ಮರಿ ಇಲ್ಲ, ಹೆಣ್ಣುಗಳಲ್ಲಿ ಹಾಗಾದದ್ದು ಶೇ. 4ಕ್ಕೆ ಮಾತ್ರ. ಗಂಡು ಹೆಚ್ಚು ಜೋಡಿಗಳನ್ನು ಪಡೆದಷ್ಟೂ ಮರಿಗಳ ಸಂಖ್ಯೆ ಏರಿತು, ಹೆಣ್ಣಿಗೆ ಅಷ್ಟು ಏರಲಿಲ್ಲ. ವೀರ್ಯಾಣು ಅಗ್ಗ, ಅಂಡ ದುಬಾರಿ, ಕಾರಣ ಅದೇ ಎಂದು ಬೇಟ್‌ಮನ್ ತೀರ್ಮಾನಿಸಿದರು. ಪ್ರಬಂಧ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಚ್ಚುಕಡಿಮೆ ಯಾರ ಕಣ್ಣಿಗೂ ಬೀಳದೆ ಉಳಿಯಿತು.

ಫಿಶರ್, ವಿಲಿಯಮ್ಸ್ ಹೆಸರೂ ಕೇಳಿಬರುತ್ತೆ. ಅವರ ಪಾಲು ಏನು?

ರೊನಾಲ್ಡ್ ಫಿಶರ್ 1930ರಲ್ಲಿ, ಗಂಡು ಹೆಣ್ಣು ಮರಿಗಳ ಅನುಪಾತ ಯಾಕೆ ಸಮಸಮ ಇರುತ್ತದೆ ಎಂದು ವಿವರಿಸುವಾಗ, ಪೋಷಕರ ವೆಚ್ಚ ಎಂಬ ಕಲ್ಪನೆ ತಂದರು. ಎರಡು ಲಿಂಗದ ಮರಿಗಳ ಮೇಲೂ ಒಟ್ಟು ವೆಚ್ಚ ಸಮ ಆಗುವತ್ತ ನಿಸರ್ಗದ ಆಯ್ಕೆ ಎಳೆಯುತ್ತದೆ ಎಂಬುದು ಅವರ ವಾದ. ಜಾರ್ಜ್ ವಿಲಿಯಮ್ಸ್ 1966ರಲ್ಲಿ, ಸಂತಾನಕ್ಕಾಗಿ ಗಂಡು ಹೆಣ್ಣು ತೆರುವ ಬೆಲೆ ಬೇರೆಬೇರೆ ಆಗಿರುವುದೇ ಅವುಗಳ ನಡವಳಿಕೆಯ ವ್ಯತ್ಯಾಸಕ್ಕೆ ಕಾರಣ ಎಂದು ಬರೆದರು. ಗಂಡೇ ಮೊಟ್ಟೆ ಹೊರುವ ಕಡಲಕುದುರೆ ಜಾತಿಯ ಮೀನುಗಳನ್ನೂ ಚರ್ಚಿಸಿದರು. ಟ್ರಿವರ್ಸ್ ಶೂನ್ಯದಿಂದ ಶುರುಮಾಡಲಿಲ್ಲ. ಫಿಶರ್ ಅವರಿಂದ ವೆಚ್ಚ, ಬೇಟ್‌ಮನ್ ಅವರಿಂದ ಅಳತೆ, ವಿಲಿಯಮ್ಸ್ ಅವರಿಂದ ತರ್ಕ, ವಿಲಿಯಂ ಹ್ಯಾಮಿಲ್ಟನ್ ಅವರ 1964ರ ಪ್ರಬಂಧಗಳಿಂದ ರಕ್ತಸಂಬಂಧದ ಗಣಿತ, ಇಷ್ಟೂ ಅವರಿಗಿಂತ ಮೊದಲೇ ಇತ್ತು.

ಮತ್ತೆ ಟ್ರಿವರ್ಸ್ ಮಾಡಿದ್ದೇನು? ಅವರು ಜೀವವಿಜ್ಞಾನಿಯೇ ಅಲ್ಲವಂತೆ?

1943ರಲ್ಲಿ ಹುಟ್ಟಿದ ಟ್ರಿವರ್ಸ್ ಹಾರ್ವರ್ಡ್‌ನಲ್ಲಿ ಮೊದಲು ಓದಿದ್ದು ಇತಿಹಾಸ. ಆಮೇಲೆ ಶಾಲಾ ಮಕ್ಕಳಿಗೆ ಪ್ರಾಣಿ ನಡವಳಿಕೆಯ ಪಠ್ಯ ಸಿದ್ಧಪಡಿಸುವ ಕೆಲಸ ಸಿಕ್ಕಿತು. ಅಲ್ಲಿ ಅವರನ್ನು ತಿದ್ದಿದವರು ಮ್ಯಾಸಚೂಸೆಟ್ಸ್ ಆಡುಬಾನ್ ಸೊಸೈಟಿಯ ಪಕ್ಷಿತಜ್ಞ ವಿಲಿಯಂ ಡ್ರೂರಿ. ಆಸಕ್ತಿ ಹತ್ತಿ ಹಾರ್ವರ್ಡ್‌ಗೆ ಮರಳಿ, ಜಮೈಕಾದ ಹಲ್ಲಿಗಳ ಮೇಲೆ ಅಧ್ಯಯನ ಮಾಡಿ 1972ರಲ್ಲಿ ಜೀವವಿಜ್ಞಾನದ ಪಿಎಚ್‌ಡಿ ಪಡೆದರು. ಬೇಟ್‌ಮನ್ ಪ್ರಬಂಧ ಓದು ಎಂದು ಹೇಳಿದವರು ಹಿರಿಯ ವಿಕಾಸವಿಜ್ಞಾನಿ ಅರ್ನ್ಸ್ಟ್ ಮೇಯರ್. ಕಿಟಕಿಯಾಚೆ ಕಾಣುತ್ತಿದ್ದ ಪಾರಿವಾಳಗಳನ್ನು ಗಮನಿಸುತ್ತಿದ್ದದ್ದೂ ಈ ಚಿಂತನೆಗೆ ನೆರವಾಯಿತು. ಪಾರಿವಾಳಗಳಲ್ಲಿ ಗಂಡೂ ಕಾವು ಕೂರುತ್ತದೆ, ಮರಿಗೆ ಉಣಿಸುತ್ತದೆ, ಆದರೂ ತನ್ನ ಹೆಣ್ಣನ್ನು ಬೇರೆ ಗಂಡುಗಳಿಂದ ಕಾಯುತ್ತಲೇ ಇರುತ್ತದೆ.

ಡಾರ್ವಿನ್ ಪುಸ್ತಕಕ್ಕೆ ನೂರು ವರ್ಷ ತುಂಬಿದ ನೆನಪಿಗೆ ಬರ್ನಾರ್ಡ್ ಕ್ಯಾಂಪ್‌ಬೆಲ್ ಸಂಪಾದಿಸಿದ ಸಂಕಲನದಲ್ಲಿ ಟ್ರಿವರ್ಸ್ ಅವರ ಅಧ್ಯಾಯ 1972ರಲ್ಲಿ ಬಂತು. ಚೂರುಚೂರಾಗಿ ಇದ್ದದ್ದನ್ನು ಒಂದೇ ನಿಯಮದಡಿ ತಂದದ್ದು ಅವರ ಕೆಲಸ. ಈ ವಿಷಯದ ಮೂಲ ಓದಬೇಕೆಂದವರು ಇದೊಂದನ್ನು ಓದಿದರೂ ಸಾಕು, ಭಾಷೆ ಅಷ್ಟು ನೇರ.

## ವಾದದ ಒಳಹೊಕ್ಕು

ಆ ನಿಯಮ ಏನು? "ಹೆಣ್ಣು ನಾಚುತ್ತೆ, ಗಂಡು ನುಗ್ಗುತ್ತೆ" ಅಂತಾನಾ?

ನಿಯಮದಲ್ಲಿ ಗಂಡು ಹೆಣ್ಣು ಎಂಬ ಪದಗಳೇ ಇಲ್ಲ. ಯಾವ ಲಿಂಗ ಮರಿಯ ಮೇಲೆ ಹೆಚ್ಚು ಹೂಡುತ್ತದೋ, ಆ ಲಿಂಗಕ್ಕಾಗಿ ಕಡಿಮೆ ಹೂಡುವ ಲಿಂಗದವರು ಪೈಪೋಟಿ ಮಾಡುತ್ತಾರೆ. ಹೆಚ್ಚು ಹೂಡುವವರು ಜೋಡಿ ಆರಿಸುವಾಗ ಹುಷಾರಾಗಿರುತ್ತಾರೆ, ತಪ್ಪು ಆಯ್ಕೆಯಿಂದ ಅವರಿಗಾಗುವ ನಷ್ಟ ದೊಡ್ಡದು. ಇಷ್ಟೇ. ಬಹುಪಾಲು ಜೀವಿಗಳಲ್ಲಿ ಹೆಚ್ಚು ಹೂಡುವುದು ಹೆಣ್ಣು ಎಂಬುದು ಬೇರೆ ಮಾತು, ಅದು ನಿಯಮದ ಭಾಗವಲ್ಲ. ಪತ್ರಿಕಾ ಬರಹಗಳಲ್ಲಿ ಎಡವುವುದು ಸದಾ ಇಲ್ಲೇ: ನಿಯಮ ಬಿಟ್ಟು, ಅದರ ಒಂದು ಫಲವನ್ನು ನಿಯಮ ಎಂದು ಬರೆಯುತ್ತಾರೆ.

ಹಾಗಿದ್ರೆ ಗಂಡೇ ಮರಿ ಸಾಕೋ ಜಾತಿಗಳಲ್ಲಿ ಉಲ್ಟಾ ಆಗಬೇಕಲ್ವಾ?

ಆಗಬೇಕು, ಆಗುತ್ತದೆ. ಸಿದ್ಧಾಂತಕ್ಕೆ ಬಲ ಬಂದದ್ದೇ ಅದರಿಂದ.

ನಮ್ಮ ಕೆರೆಗಳಲ್ಲೇ ನೋಡಬಹುದು. ತಾವರೆ ಎಲೆಗಳ ಮೇಲೆ ಉದ್ದ ಬೆರಳೂರಿ ನಡೆಯುವ ಉದ್ದಬಾಲದ ಜಕಾನಾ ಹಕ್ಕಿಯಲ್ಲಿ ಹೆಣ್ಣು ಗಂಡಿಗಿಂತ ದೊಡ್ಡದು. ಮಳೆಗಾಲದಲ್ಲಿ ಅದು ಒಂದು ಗಂಡಿಗೆ ನಾಲ್ಕು ಮೊಟ್ಟೆ ಇಟ್ಟುಕೊಟ್ಟು ಇನ್ನೊಂದು ಗಂಡಿನತ್ತ ಹೋಗುತ್ತದೆ. ಕಾವು ಕೊಡುವುದು, ಮರಿ ನಡೆಸುವುದು ಗಂಡು. ಹೆಣ್ಣುಹೆಣ್ಣೇ ಕಾದಾಡುತ್ತವೆ. ಕೆರೆಕುಂಟೆಗಳ ನೀರತಿಗಣೆಯಲ್ಲಿ ಹೆಣ್ಣು ಗಂಡಿನ ಬೆನ್ನ ಮೇಲೆಯೇ ಮೊಟ್ಟೆ ಅಂಟಿಸುತ್ತದೆ, ಅವು ಒಡೆಯುವವರೆಗೂ ಗಂಡು ಹೊತ್ತು ತಿರುಗುತ್ತದೆ.

ಎಲ್ಲಕ್ಕಿಂತ ಚೊಕ್ಕ ಉದಾಹರಣೆ ಅಮೆರಿಕದ ಮಾರ್ಮನ್ ಕ್ರಿಕೆಟ್ ಎಂಬ ಕೀಟ. ಇದರ ಗಂಡು ವೀರ್ಯದ ಜೊತೆ ತಿನ್ನಲು ಒಂದು ಪೌಷ್ಟಿಕ ಗಂಟನ್ನೂ ಕೊಡುತ್ತದೆ, ತೂಕ ಅದರ ಮೈತೂಕದ ಸುಮಾರು ಕಾಲು ಭಾಗ. ಡ್ಯಾರಿಲ್ ಗ್ವಿನ್ 1981ರಲ್ಲಿ ತೋರಿಸಿದಂತೆ, ಆಹಾರ ಸಾಲದ ದಟ್ಟ ಹಿಂಡಿನಲ್ಲಿ ಹೆಣ್ಣುಗಳು ಗಂಡಿಗಾಗಿ ಕಾದಾಡುತ್ತವೆ, ಮೈಯೇರಿದ ಹಗುರ ಹೆಣ್ಣುಗಳನ್ನು ಗಂಡು ಬೇಡ ಎನ್ನುತ್ತದೆ.

ಧಾರವಾಡದ ಮುಸುವಗಳಿಗೂ ಈ ಸಿದ್ಧಾಂತಕ್ಕೂ ಏನೋ ನಂಟಿದೆ ಅಂತ ಓದಿದ್ದೆ. ನಿಜಾನಾ?

ನಿಜ. ಜಪಾನಿನ ಯುಕಿಮಾರು ಸುಗಿಯಾಮಾ 1960ರ ದಶಕದ ಆರಂಭದಲ್ಲಿ ಧಾರವಾಡದ ಸುತ್ತಿನ ಕಾಡುಗಳಲ್ಲಿ ಮುಸುವಗಳ ಹಿಂಡುಗಳನ್ನು ಹಿಂಬಾಲಿಸಿದರು. ಒಂದು ದೊಡ್ಡ ಗಂಡು, ಹಲವು ಹೆಣ್ಣು, ಅವುಗಳ ಮರಿಗಳು, ಇಂಥ ಹಿಂಡಿನ ಮೇಲೆ ಹೊರಗಿನ ಗಂಡುಗಳು ಎರಗಿ ಹಳೆಯ ಗಂಡನ್ನು ಓಡಿಸುತ್ತಿದ್ದವು. ಹಿಂಡು ವಶವಾದ ಮೇಲೆ ಎಳೆಮರಿಗಳು ಹೊಸ ಗಂಡಿನ ಕಡಿತಕ್ಕೆ ಸಾಯುತ್ತಿದ್ದವು. 1965ರಲ್ಲಿ ಇದು ಪ್ರಕಟವಾಯಿತು.

ಟ್ರಿವರ್ಸ್ ಪಾಠ ಮಾಡುತ್ತಿದ್ದ ಕಾಲದಲ್ಲಿ ಹಾರ್ವರ್ಡ್ ವಿದ್ಯಾರ್ಥಿನಿಯಾಗಿದ್ದ ಸಾರಾ ಹರ್ಡಿ, ದಟ್ಟಣೆಯಿಂದ ಕೆರಳಿ ಹೀಗೆ ಆಗುತ್ತದೆಯೇ ಎಂದು ನೋಡಲು ರಾಜಸ್ಥಾನದ ಮೌಂಟ್ ಅಬುಗೆ ಹೋದರು. ಕಂಡದ್ದು ಬೇರೆ. ಮರಿ ಹಾಲು ಕುಡಿಯುವವರೆಗೆ ತಾಯಿ ಬೆದೆಗೆ ಬರುವುದಿಲ್ಲ. ಹಿಂಡಿನ ಮೇಲೆ ಒಂದು ಗಂಡಿನ ಹಿಡಿತ ಹೆಚ್ಚು ಕಾಲ ಉಳಿಯುವುದೂ ಇಲ್ಲ. ತನ್ನದಲ್ಲದ ಮರಿ ಸತ್ತರೆ ತಾಯಿ ಬೇಗ ಬೆದೆಗೆ ಬರುತ್ತಾಳೆ, ಆಗ ಹೊಸ ಗಂಡಿನ ಮರಿ ಬೆಳೆದು ದೊಡ್ಡದಾಗಲು ಸಮಯ ಸಿಗುತ್ತದೆ. ಇದು ರೋಗ ಎಂದವರೂ ಇದ್ದರು, ವಾದ ವರ್ಷಗಟ್ಟಲೆ ನಡೆಯಿತು. ನೇಪಾಳದ ರಾಮನಗರದ ಮುಸುವಗಳ ಡಿಎನ್‌ಎ ಪರೀಕ್ಷೆ 1999ರಲ್ಲಿ ಬಂದಾಗ, ಕೊಂದ ಗಂಡುಗಳು ಸತ್ತ ಮರಿಗಳ ಅಪ್ಪಂದಿರಾಗಿರಲಿಲ್ಲ ಎಂಬುದು ಖಚಿತವಾಯಿತು.

ಹರ್ಡಿ ಇನ್ನೊಂದು ಮುಖ್ಯ ಸಂಗತಿ ಎತ್ತಿ ಹಿಡಿದರು: ಹೆಣ್ಣು ಮುಸುವ ಗರ್ಭ ಧರಿಸಿದ ಮೇಲೂ ಹಿಂಡಿನ ಹೊರಗಿನ ಗಂಡುಗಳೊಂದಿಗೆ ಕೂಡುತ್ತದೆ. ಮರಿಯ ಅಪ್ಪ ಯಾರೆಂಬ ಗೊಂದಲ ಮರಿಗೆ ರಕ್ಷಣೆ. ಆರಿಸುವ ಹೆಣ್ಣು ಎಂದರೆ ಸುಮ್ಮನೆ ಕಾದು ಕುಳಿತ ಹೆಣ್ಣು ಎಂಬ ಚಿತ್ರ ಹೀಗೆ ಒಡೆಯಿತು. ಈ ತಿದ್ದುಪಡಿಗೆ ಸಿಗಬೇಕಾದಷ್ಟು ಜಾಗ ಪಠ್ಯಪುಸ್ತಕಗಳಲ್ಲಿ ಇನ್ನೂ ಸಿಕ್ಕಿಲ್ಲ.

ತಾಯಿ ಮಗುವಿನ ನಡುವೆಯೂ ಸಂಘರ್ಷ ಇದೆ ಅಂತಾರಲ್ಲ? ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನೋ ಮಾತು ಸುಳ್ಳಾ?

ಮುದ್ದು ನಿಜ, ಆದರೆ ಹೆತ್ತವರಿಗೆ ಎಲ್ಲ ಹೆಗ್ಗಣಗಳೂ ಅಷ್ಟೇ ಮುದ್ದು, ಸಂಘರ್ಷ ಅಲ್ಲೇ ಹುಟ್ಟುತ್ತದೆ. 1974ರಲ್ಲಿ ಟ್ರಿವರ್ಸ್ ಹಾಕಿದ ಲೆಕ್ಕ ಹೀಗಿದೆ. ತಾಯಿಗೆ ಪ್ರತಿ ಮಗುವಿನ ಜೊತೆಗೂ ಸಂಬಂಧ, ಅಂದರೆ ಹಂಚಿಕೊಂಡ ಜೀನುಗಳ ಪಾಲು, ಅರ್ಧ. ಹಾಗಾಗಿ ಈ ಮಗುವಿಗಾಗುವ ಲಾಭಕ್ಕಿಂತ ಮುಂದಿನ ಮಗುವಿಗಾಗುವ ನಷ್ಟ ಹೆಚ್ಚಾದ ಕೂಡಲೇ ಹಾಲು ಬಿಡಿಸುವುದು ತಾಯಿಗೆ ಒಳ್ಳೆಯದು. ಮಗುವಿಗೆ ತನ್ನ ಜೊತೆ ಸಂಬಂಧ ಪೂರ್ತಿ ಒಂದು, ಒಡಹುಟ್ಟಿನ ಜೊತೆ ಅರ್ಧ. ನಷ್ಟ ಲಾಭದ ಎರಡು ಪಟ್ಟು ಆಗುವವರೆಗೂ ಅದು ಹಾಲು ಕೇಳುತ್ತಲೇ ಇರಬೇಕು. ಮುಂದಿನ ಮಗುವಿನ ಅಪ್ಪ ಬೇರೆಯಾದರೆ ನಾಲ್ಕು ಪಟ್ಟಿನವರೆಗೆ. ತಾಯಿ ನಿಲ್ಲಿಸಬೇಕೆನ್ನುವ ಗಳಿಗೆಗೂ ಮಗು ಒಪ್ಪುವ ಗಳಿಗೆಗೂ ನಡುವಿನ ಅವಧಿಯೇ ಹಾಲು ಬಿಡಿಸುವಾಗಿನ ರಂಪಾಟ. ಡೇವಿಡ್ ಹೇಗ್ 1993ರಲ್ಲಿ ಇದೇ ತರ್ಕವನ್ನು ಗರ್ಭದೊಳಕ್ಕೂ ಒಯ್ದು, ತಾಯಿಯ ರಕ್ತದ ಸಕ್ಕರೆ ಮತ್ತು ರಕ್ತದೊತ್ತಡದ ಮೇಲೆ ಭ್ರೂಣದ ಕಡೆಯಿಂದ ಬೀಳುವ ಎಳೆತವನ್ನು ವಿವರಿಸಿದರು.

## ಮನುಷ್ಯರ ವಿಷಯಕ್ಕೆ ಬಂದರೆ

ಹಲ್ಲಿ ನೊಣದ ಸಿದ್ಧಾಂತ ಮನೋವಿಜ್ಞಾನಕ್ಕೆ ಹೇಗೆ ನುಗ್ಗಿತು?

ಮೆಟ್ಟಿಲು ಮೆಟ್ಟಿಲಾಗಿ. ಮಾರ್ಟಿನ್ ಡೇಲಿ ಮತ್ತು ಮಾರ್ಗೊ ವಿಲ್ಸನ್ 1978ರಲ್ಲಿ, ಡೊನಾಲ್ಡ್ ಸೈಮನ್ಸ್ 1979ರಲ್ಲಿ ಬರೆದ ಪುಸ್ತಕಗಳು ಮನುಷ್ಯರ ಲೈಂಗಿಕ ಮನಸ್ಸನ್ನು ಈ ಕಣ್ಣಿನಿಂದ ನೋಡಿದವು. 1989ರಲ್ಲಿ ಡೇವಿಡ್ ಬಸ್ 33 ದೇಶಗಳ 37 ಗುಂಪುಗಳಲ್ಲಿ 10,047 ಜನರನ್ನು ಬಾಳಸಂಗಾತಿಯಲ್ಲಿ ಏನು ಬೇಕೆಂದು ಕೇಳಿದರು. ಭಾರತವೂ ಅದರಲ್ಲಿತ್ತು. ಗಂಡಸರು ತಮಗಿಂತ ಕಿರಿಯರನ್ನು ಬಯಸಿದ್ದು 37ರಲ್ಲಿ 37 ಕಡೆ. ಸಂಗಾತಿಯ ಗಳಿಕೆಗೆ ಹೆಂಗಸರು ಗಂಡಸರಿಗಿಂತ ಹೆಚ್ಚು ಬೆಲೆ ಕೊಟ್ಟದ್ದು 36 ಕಡೆ.

ಅದೇ ಅಧ್ಯಯನದ ಇನ್ನೊಂದು ಭಾಗ ಯಾರೂ ಉಲ್ಲೇಖಿಸುವುದಿಲ್ಲ. ಮದುವೆಗೆ ಮುಂಚಿನ ಕನ್ಯತ್ವಕ್ಕೆ ಕೊಡುವ ಬೆಲೆ ದೇಶದಿಂದ ದೇಶಕ್ಕೆ ಅಜಗಜಾಂತರ: ಚೀನಾ, ಭಾರತದಲ್ಲಿ ಬಹಳ, ಸ್ವೀಡನ್‌ನಲ್ಲಿ ಹೆಚ್ಚುಕಡಿಮೆ ಸೊನ್ನೆ. 1999ರಲ್ಲಿ ಆಲಿಸ್ ಈಗ್ಲಿ ಮತ್ತು ವೆಂಡಿ ವುಡ್ ಇದೇ ಅಂಕಿಗಳನ್ನು ಮತ್ತೆ ಜಾಲಾಡಿ, ಸಮಾನತೆ ಹೆಚ್ಚಿರುವ ದೇಶಗಳಲ್ಲಿ ಗಳಿಕೆಯ ಬಯಕೆಯ ಅಂತರ ಕುಗ್ಗುತ್ತದೆ ಎಂದರು. 2020ರಲ್ಲಿ 45 ದೇಶಗಳಲ್ಲಿ ಮತ್ತೆ ಕೇಳಿದಾಗ ಬಸ್ ಕಂಡ ಮೂಲ ಅಂತರಗಳು ಮತ್ತೆ ಸಿಕ್ಕವು. ಅಂತರ ಇದೆ, ಅದರ ಗಾತ್ರ ಬದುಕಿನ ಪರಿಸ್ಥಿತಿಯೊಂದಿಗೆ ಏರಿಳಿಯುತ್ತದೆ ಎಂದು ಎರಡನ್ನೂ ಸೇರಿಸಿ ಹೇಳುವುದೇ ಪ್ರಾಮಾಣಿಕ.

ಮಕ್ಕಳನ್ನ ನೋಡ್ಕೊಳ್ಳೋದು ಅಮ್ಮನ ಕೆಲಸ ಅಂತ ವಿಜ್ಞಾನವೇ ಹೇಳುತ್ತೆ ಅಂತ ಮನೇಲಿ ವಾದ ಮಾಡ್ತಾರೆ. ಏನ್ ಹೇಳ್ಲಿ?

ವಿಜ್ಞಾನ ಹಾಗೆ ಹೇಳುವುದಿಲ್ಲ ಎಂದು ಧೈರ್ಯವಾಗಿ ಹೇಳಿ. ಸಿದ್ಧಾಂತ ವಿವರಿಸುವುದು ಕನಿಷ್ಠ ಹೂಡಿಕೆಯ ಅಂತರವನ್ನು: ಮಗುವಾಗಲು ತಾಯಿ ಒಂಬತ್ತು ತಿಂಗಳು ಹೊರಲೇಬೇಕು, ಅಪ್ಪನಿಗೆ ಅಂಥ ಕಡ್ಡಾಯ ಇಲ್ಲ. ಆಮೇಲೆ ಯಾರು ಎಷ್ಟು ಮಾಡುತ್ತಾರೆ ಎಂಬುದು ಮನುಷ್ಯರಲ್ಲಿ ವಿಪರೀತ ಬದಲಾಗುತ್ತದೆ. ಮಧ್ಯ ಆಫ್ರಿಕಾದ ಆಕಾ ಜನರಲ್ಲಿ ಅಪ್ಪಂದಿರು ದಿನದ ಶೇ. 47ರಷ್ಟು ಹೊತ್ತು ಎಳೆಗೂಸನ್ನು ಎತ್ತಿಕೊಂಡೋ ಕೈಗೆಟಕುವಷ್ಟು ಹತ್ತಿರವೋ ಇರುತ್ತಾರೆ ಎಂದು ಬ್ಯಾರಿ ಹ್ಯೂಲೆಟ್ ಅಳೆದಿದ್ದಾರೆ. ಫಿಲಿಪ್ಪೀನ್ಸ್‌ನ ಸೆಬುವಿನಲ್ಲಿ 624 ಗಂಡಸರನ್ನು ಹಲವು ವರ್ಷ ಹಿಂಬಾಲಿಸಿದ 2011ರ ಅಧ್ಯಯನದಲ್ಲಿ, ಅಪ್ಪಂದಿರಾದ ಮೇಲೆ ಟೆಸ್ಟೋಸ್ಟಿರಾನ್ ಇಳಿಯಿತು. ದಿನಕ್ಕೆ 3 ಗಂಟೆ ಅಥವಾ ಹೆಚ್ಚು ಮಗು ನೋಡಿಕೊಳ್ಳುವವರಲ್ಲಿ ಅದು ಇನ್ನೂ ಕಡಿಮೆ ಇತ್ತು. ಗಂಡಸಿನ ದೇಹವೂ ಮಗು ಸಾಕಲು ತಯಾರಾಗುತ್ತದೆ.

ಅಜ್ಜಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ರೆಬೆಕಾ ಸಿಯರ್ ಮತ್ತು ರೂತ್ ಮೇಸ್ 2008ರಲ್ಲಿ, ಆಧುನಿಕ ವೈದ್ಯಕೀಯ ಸೌಲಭ್ಯ ಅಷ್ಟಾಗಿ ಇಲ್ಲದ 45 ಸಮುದಾಯಗಳ ದಾಖಲೆ ನೋಡಿದರು. ತಾಯಿ ಸತ್ತರೆ ಮಗುವಿನ ಸಾವಿನ ಅಪಾಯ ಎಲ್ಲ ಕಡೆಯೂ ಏರಿತು. ಅಪ್ಪ ಇಲ್ಲದಿದ್ದರೆ ಏರಿದ್ದು ಪರಿಶೀಲಿಸಿದ ಕಡೆಗಳಲ್ಲಿ ಸುಮಾರು ಮೂರನೇ ಒಂದು ಭಾಗದಲ್ಲಿ ಮಾತ್ರ. ತಾಯಿಯ ತಾಯಿ ಹತ್ತಿರ ಇದ್ದ ಕಡೆ ಹೆಚ್ಚಾಗಿ ಮಕ್ಕಳು ಉಳಿದರು. ಬಾಣಂತನಕ್ಕೆ ತವರಿಗೆ ಹೋಗುವ ನಮ್ಮ ವಾಡಿಕೆ ನೆನಪಾಗುವುದು ಸಹಜವೇ.

ಗಂಡುಮಗು ಬೇಕು ಅನ್ನೋ ಆಸೆಗೂ ಟ್ರಿವರ್ಸ್–ವಿಲ್ಲಾರ್ಡ್ ಸಿದ್ಧಾಂತಕ್ಕೂ ಸಂಬಂಧ ಇದೆಯಾ?

ಬಹಳ ಎಚ್ಚರಿಕೆಯಿಂದ ಬಳಸಬೇಕಾದ ಮಾತು. ಟ್ರಿವರ್ಸ್ ಮತ್ತು ಡ್ಯಾನ್ ವಿಲ್ಲಾರ್ಡ್ 1973ರಲ್ಲಿ ಹೇಳಿದ್ದು: ಮೈಕೈ ತುಂಬಿಕೊಂಡ ತಾಯಿಗೆ ಗಂಡುಮರಿ, ಸೊರಗಿದ ತಾಯಿಗೆ ಹೆಣ್ಣುಮರಿ ಹೆಚ್ಚು ಲಾಭ, ಏಕೆಂದರೆ ಬಲಿಷ್ಠ ಗಂಡಿಗೆ ಬಹಳ ಸಂತಾನ, ದುರ್ಬಲ ಗಂಡಿಗೆ ಬಹುಶಃ ಒಂದೂ ಇಲ್ಲ. ಸ್ಕಾಟ್ಲೆಂಡಿನ ರಮ್ ದ್ವೀಪದ ಕೆಂಪು ಜಿಂಕೆಗಳಲ್ಲಿ ಇದು 1984ರಲ್ಲಿ ಕಂಡಿತು. ಜಿಂಕೆಗಳ ಸಂಖ್ಯೆ ಏರಿದ ಮೇಲೆ ಅದೇ ದ್ವೀಪದಲ್ಲಿ ಮಾಯವಾಯಿತು. ಮಿಲ್ಡ್ರೆಡ್ ಡಿಕ್‌ಮನ್ 1979ರಲ್ಲಿ ಉತ್ತರ ಭಾರತದ ಮೇಲ್ಜಾತಿಗಳ ಹೆಣ್ಣುಶಿಶು ಹತ್ಯೆಯ ವಸಾಹತುಕಾಲದ ದಾಖಲೆಗಳಿಗೆ ಈ ತರ್ಕ ಹೊಂದಿಸಿ ನೋಡಿದರು. ಇಂದಿನ ಭ್ರೂಣಲಿಂಗ ಪತ್ತೆಯ ಹಿಂದೆ ವರದಕ್ಷಿಣೆ, ಆಸ್ತಿ, ಮುಪ್ಪಿನ ಆಸರೆಯ ಲೆಕ್ಕಾಚಾರ ಇದೆ. ಅದು 1994ರ ಕಾಯ್ದೆಯಡಿ ಅಪರಾಧ. ಅದಕ್ಕೆ ವಿಕಾಸದ ಹೆಸರಿನಲ್ಲಿ ಸಮರ್ಥನೆ ಹುಡುಕುವುದಕ್ಕೆ ಟ್ರಿವರ್ಸ್–ವಿಲ್ಲಾರ್ಡ್ ಪ್ರಬಂಧದಲ್ಲಿ ಒಂದು ಸಾಲಿನ ಆಧಾರವೂ ಇಲ್ಲ.

## ತಪ್ಪುಗಳು, ತಿದ್ದುಪಡಿಗಳು, ಲೆಕ್ಕ

ಟ್ರಿವರ್ಸ್ ವಾದದಲ್ಲೇ ತಪ್ಪಿದೆ, "ಕಾನ್ಕಾರ್ಡ್ ಭ್ರಮೆ" ಅಂತಾರೆ. ಏನದು?

1972ರ ಅಧ್ಯಾಯದಲ್ಲಿ, ಈವರೆಗೆ ಕಡಿಮೆ ಹೂಡಿದವರಿಗೆ ಜೋಡಿಯನ್ನೂ ಮರಿಯನ್ನೂ ಬಿಟ್ಟುಹೋಗುವ ಪ್ರಲೋಭನೆ ಹೆಚ್ಚು ಎಂಬ ವಾದವಿದೆ. 1976ರಲ್ಲಿ ರಿಚರ್ಡ್ ಡಾಕಿನ್ಸ್ ಮತ್ತು ತಮ್ಸಿನ್ ಕಾರ್ಲೈಲ್ ತಪ್ಪು ತೋರಿಸಿದರು. ಹಿಂದೆ ಹಾಕಿದ್ದು ಹೋಯಿತು, ಆಯ್ಕೆ ನೋಡುವುದು ಮುಂದೆ ಏನು ಸಿಗುತ್ತದೆ ಎಂಬುದನ್ನು ಮಾತ್ರ. ನಾನೂರು ಅಡಿ ಕೊರೆದರೂ ನೀರು ಬಾರದ ಬೋರ್‌ವೆಲ್ಲನ್ನು, ಇಷ್ಟು ದುಡ್ಡು ಸುರಿದಾಗಿದೆ ಎಂಬ ಒಂದೇ ಕಾರಣಕ್ಕೆ ಇನ್ನೂ ಇನ್ನೂರು ಅಡಿ ಕೊರೆಸುವ ತರ್ಕ ಅದು. ದುಡ್ಡು ನುಂಗುತ್ತಲೇ ಹೋದ ಕಾನ್ಕಾರ್ಡ್ ವಿಮಾನದ ಹೆಸರು ಈ ತಪ್ಪಿಗೆ ಅಂಟಿಕೊಂಡಿತು. ಜಾನ್ ಮೇನಾರ್ಡ್ ಸ್ಮಿತ್ 1977ರಲ್ಲಿ ಮುಂದಿನ ಲಾಭ ಆಧರಿಸಿ ಮಾದರಿಯನ್ನು ಹೊಸದಾಗಿ ಕಟ್ಟಿದರು. ಅಲ್ಲಿ ಒಬ್ಬರು ಬಿಟ್ಟುಹೋಗುವುದು ಲಾಭವೇ ಎಂಬುದು ಇನ್ನೊಬ್ಬರು ಏನು ಮಾಡುತ್ತಾರೆ ಎಂಬುದರ ಮೇಲೆ ನಿಂತಿದೆ.

ಬೇಟ್‌ಮನ್ ಪ್ರಯೋಗ ಸುಳ್ಳು ಅಂತ ಸಾಬೀತಾಯ್ತಂತೆ. ಹಾಗಾದ್ರೆ ಎಲ್ಲಾ ಬಿದ್ದುಹೋಯ್ತಾ?

ಪ್ರಯೋಗದ ವಿಧಾನ ಬಿದ್ದುಹೋಯಿತು, ಸಿದ್ಧಾಂತ ಬೀಳಲಿಲ್ಲ. ಪೆಟ್ರೀಷಿಯಾ ಗೊವಾಟಿ ಮತ್ತು ಸಂಗಡಿಗರು 2012ರಲ್ಲಿ ಅದೇ ಪ್ರಯೋಗ ಮತ್ತೆ ಮಾಡಿದರು. ಎರಡೂ ಗುರುತು ಹೊತ್ತ ಮರಿಗಳು ಶೇ. 25 ಇರಬೇಕಿತ್ತು, ಬಹಳ ಕಡಿಮೆ ಇದ್ದವು. ಆ ಗುರುತುಗಳು ಜೀನಿನ ದೋಷಗಳೇ, ಎರಡು ದೋಷ ಸೇರಿದ ಮರಿ ಎಷ್ಟೋ ಸಲ ಬೆಳೆಯುವ ಮುಂಚೆಯೇ ಸಾಯುತ್ತದೆ. ಅವುಗಳನ್ನೇ ನಂಬಿ ಜೋಡಿ ಎಣಿಸಿದರೆ, ನಿಜವಾಗಿ ಕೂಡಿದ ನೊಣವೂ ಜೋಡಿಯೇ ಸಿಗದ್ದು ಎಂದು ದಾಖಲಾಗುತ್ತದೆ. 2007ರಲ್ಲಿ ಇನ್ನೊಂದು ವಿಚಿತ್ರವೂ ಹೊರಬಿದ್ದಿತ್ತು: ಬೇಟ್‌ಮನ್ ಅಂಕಿಗಳಲ್ಲಿ ಕೆಲವೆಡೆ ಅಪ್ಪಂದಿರ ಒಟ್ಟು ಮರಿಗಳು ಅಮ್ಮಂದಿರ ಒಟ್ಟು ಮರಿಗಳಿಗಿಂತ ಹೆಚ್ಚು! ಪ್ರತಿ ಮರಿಗೂ ಒಬ್ಬಳೇ ತಾಯಿ, ಒಬ್ಬನೇ ತಂದೆ ಇರುವಾಗ ಇದು ಅಸಾಧ್ಯ. ಪ್ರಯೋಗದ ಅವಧಿಯೂ ತೀರಾ ಗಿಡ್ಡ. ಹೆಣ್ಣುನೊಣ ವೀರ್ಯ ಕೂಡಿಟ್ಟುಕೊಳ್ಳುತ್ತದೆ, ಎರಡನೆಯ ಜೋಡಿಯಿಂದ ಅದಕ್ಕೇನು ಲಾಭ ಎಂಬುದು ನಾಲ್ಕು ದಿನದಲ್ಲಿ ಕಾಣುವುದಿಲ್ಲ. ಮೂಲ ಪ್ರಬಂಧದಲ್ಲಿ ಎರಡು ನಕ್ಷೆಗಳಿವೆ, ಮೊದಲನೆಯದರಲ್ಲಿ ಹೆಣ್ಣಿನ ಗೆರೆಯೂ ಏರುತ್ತದೆ. ಪಠ್ಯಪುಸ್ತಕಗಳು ಅಚ್ಚು ಹಾಕಿದ್ದು ಎರಡನೆಯದನ್ನೇ.

ಸಿದ್ಧಾಂತ ಉಳಿದದ್ದು ಬೇರೆ ಆಧಾರಗಳಿಂದ, ಮೇಲೆ ಹೇಳಿದ ಜಕಾನಾ, ಮಾರ್ಮನ್ ಕ್ರಿಕೆಟ್‌ಗಳಂಥವುಗಳಿಂದ.

ಗಂಡು ಸ್ಟಿಕಲ್‌ಬ್ಯಾಕ್ ಮೀನು ಮೊಟ್ಟೆ ಕಾಯುತ್ತೆ, ಆದ್ರೂ ಗಂಡುಗಳೇ ಕಾದಾಡ್ತವೆ. ನಿಯಮ ತಪ್ಪಾಯ್ತಲ್ಲ?

ಸರಿಯಾದ ಜಾಗದಲ್ಲೇ ಕೈ ಇಟ್ಟಿದ್ದೀರಿ. ಟಿಮ್ ಕ್ಲಟನ್-ಬ್ರಾಕ್ ಮತ್ತು ಅಮಾಂಡಾ ವಿನ್ಸೆಂಟ್ 1991ರಲ್ಲಿ ಕೊಟ್ಟ ಉತ್ತರ: ಹೂಡಿಕೆ ಎಷ್ಟು ಎನ್ನುವ ಬದಲು, ಬಿಡುವಿಲ್ಲದೆ ಜೋಡಿ ಸಿಕ್ಕರೆ ಯಾವ ಲಿಂಗ ಹೆಚ್ಚು ವೇಗವಾಗಿ ಸಂತಾನ ಪಡೆಯಬಲ್ಲದು ಎಂದು ಕೇಳಿ. ಸ್ಟಿಕಲ್‌ಬ್ಯಾಕ್ ಗಂಡು ಒಂದೇ ಗೂಡಿನಲ್ಲಿ ಹಲವು ಹೆಣ್ಣುಗಳ ಮೊಟ್ಟೆ ಕಾಯಬಲ್ಲದು, ಹೆಣ್ಣು ಅಷ್ಟು ಬೇಗ ಮತ್ತೆ ಮೊಟ್ಟೆ ತಯಾರಿಸಲಾರದು. ಹಾಗಾಗಿ ಪೈಪೋಟಿ ಗಂಡುಗಳದೇ. ಸ್ಟೀಫನ್ ಎಮ್ಲೆನ್ ಮತ್ತು ಲೂಯಿಸ್ ಓರಿಂಗ್ 1977ರಲ್ಲೇ, ಒಂದು ಗಳಿಗೆಯಲ್ಲಿ ಕೂಡಲು ಸಿದ್ಧವಿರುವ ಗಂಡು ಹೆಣ್ಣುಗಳ ಅನುಪಾತ ನೋಡಬೇಕು ಎಂದಿದ್ದರು.

ಈ ವ್ಯತ್ಯಾಸ ಅಳೆಯೋದು ಹೇಗೆ? ಲೆಕ್ಕ ಮಾಡಿ ತೋರಿಸಿ.

ಐದು ಗಂಡು, ಐದು ಹೆಣ್ಣು, ಒಟ್ಟು 100 ಮರಿ ಎಂಬ ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಗಂಡುಗಳ ಜೋಡಿಗಳು 2, 2, 1, 1, 0. ಅದೇ ಕ್ರಮದಲ್ಲಿ ಮರಿಗಳು 38, 34, 19, 9, 0. ಹೆಣ್ಣುಗಳ ಜೋಡಿಗಳು 1, 1, 1, 1, 2. ಮರಿಗಳು 20, 18, 22, 19, 21.

ಮೊದಲು ಮೊತ್ತ ತಾಳೆ ನೋಡಿ. ಎರಡೂ ಕಡೆ ಜೋಡಿಗಳು 6, ಮರಿಗಳು 100. ತಾಳೆಯಾಗದಿದ್ದರೆ ಅಲ್ಲೇ ನಿಲ್ಲಿಸಿ, ಪಿತೃತ್ವದ ಎಣಿಕೆಯಲ್ಲಿ ತಪ್ಪಿದೆ. ಸರಾಸರಿ ಎರಡೂ ಕಡೆ 20. ಪ್ರತಿ ಪ್ರಾಣಿ ಸರಾಸರಿಯಿಂದ ಎಷ್ಟು ದೂರ ಎಂಬುದನ್ನು ವರ್ಗ ಮಾಡಿ, ಕೂಡಿಸಿ, 5ರಿಂದ ಭಾಗಿಸಿದರೆ ಗಂಡಿಗೆ 208.4, ಹೆಣ್ಣಿಗೆ 2. ಇದನ್ನು ಸರಾಸರಿಯ ವರ್ಗವಾದ 400ರಿಂದ ಭಾಗಿಸಿ: ಗಂಡಿಗೆ 0.521, ಹೆಣ್ಣಿಗೆ 0.005. ಆಯ್ಕೆಗೆ ಇರುವ ಅವಕಾಶ ಎಂದು ಇದನ್ನು ಕರೆಯುತ್ತಾರೆ. ಇನ್ನು ಮರಿಗಳ ಸಂಖ್ಯೆಯನ್ನು ಜೋಡಿಗಳ ಸಂಖ್ಯೆಯ ಎದುರು ಗೆರೆಯಾಗಿ ಹಾಕಿದರೆ ಅದರ ಇಳಿಜಾರು ಗಂಡಿಗೆ 18.57, ಹೆಣ್ಣಿಗೆ 1.25. ಇದಕ್ಕೆ ಬೇಟ್‌ಮನ್ ಇಳಿಜಾರು ಎಂದು ಹೆಸರು. ಒಂದು ಜೋಡಿ ಹೆಚ್ಚಾದರೆ ಇಲ್ಲಿನ ಗಂಡಿಗೆ ಸರಾಸರಿ 18 ಮರಿಗಿಂತ ಹೆಚ್ಚು ಲಾಭ, ಹೆಣ್ಣಿಗೆ ಒಂದು ಚಿಲ್ಲರೆ.

ಇಲ್ಲಿ ಎಡವುವ ಜಾಗ ಮೂರು. ಜೋಡಿ ಸಿಗದ ಗಂಡುಗಳನ್ನು ಪಟ್ಟಿಯಿಂದ ಬಿಟ್ಟರೆ ಇಳಿಜಾರು ಬದಲಾಗುತ್ತದೆ: ನಮ್ಮ ಉದಾಹರಣೆಯಲ್ಲಿ ಸೊನ್ನೆಯವನನ್ನು ತೆಗೆದರೆ ಅದು 22ಕ್ಕೆ ಏರಿಬಿಡುತ್ತದೆ. ಎರಡನೆಯದು, ಮರಿಗಳನ್ನು ನೋಡಿ ಜೋಡಿ ಎಣಿಸುವುದು. ಹೆಚ್ಚು ಮರಿ ಇರುವವರ ಜೋಡಿಗಳು ಕಣ್ಣಿಗೆ ಬೀಳುವ ಸಾಧ್ಯತೆಯೂ ಹೆಚ್ಚು, ಆದ್ದರಿಂದ ನಂಟು ಇಲ್ಲದಿದ್ದರೂ ಗೆರೆ ಏರುತ್ತದೆ. ಸಾಧ್ಯವಾದರೆ ಕೂಡುವುದನ್ನು ಕಣ್ಣಾರೆ ನೋಡಿ ಬೇರೆಯಾಗಿ ದಾಖಲಿಸಿ, ಪಿತೃತ್ವವನ್ನು ಡಿಎನ್‌ಎಯಿಂದ ತಿಳಿಯಿರಿ. ಮೂರನೆಯದು ಗೆರೆಯ ದಿಕ್ಕು. ಹೆಚ್ಚು ಮೊಟ್ಟೆ ಇಡುವ ಪುಷ್ಟ ಹೆಣ್ಣಿನ ಹಿಂದೆ ಹೆಚ್ಚು ಗಂಡುಗಳು ಬೀಳುತ್ತವೆ, ಅಲ್ಲಿ ಮರಿಗಳಿಂದ ಜೋಡಿ ಹೆಚ್ಚಿತೇ ಹೊರತು ಜೋಡಿಯಿಂದ ಮರಿಗಳಲ್ಲ. ಹೆಣ್ಣುಗಳನ್ನು ಮೊದಲೇ ತೂಗಿ, ಒಂದೇ ತೂಕದವನ್ನು ಎರಡು ಗುಂಪು ಮಾಡಿ, ಒಂದಕ್ಕೆ ಒಂದೇ ಜೋಡಿ, ಇನ್ನೊಂದಕ್ಕೆ ಹಲವು ಕೊಟ್ಟು ನೋಡಿದರೆ ಮಾತ್ರ ಇವೆರಡನ್ನು ಬಿಡಿಸಬಹುದು.